ವಾಹನಕ್ಕೆ ವಿನೈಲ್ ಪಟ್ಟೆ: ಮೊದಲ ಬಾರಿಗೆ ಅಂಟಿಸುವವರು ತಿಳಿದಿರಬೇಕಾದ ಕೆಲಸ ಮತ್ತು ಲೆಕ್ಕ

ನಮ್ಮ ಸಂಸ್ಥೆಯ ಸದಸ್ಯರಲ್ಲಿ ಹಲವರ ಬಳಿ ಸರಕು ಸಾಗಿಸುವ ಸಣ್ಣ ವಾಹನವೊಂದು ಇದ್ದೇ ಇರುತ್ತದೆ. ದಿನವಿಡೀ ಪೇಟೆಯ ಬೀದಿಗಳಲ್ಲಿ ಸಂಚರಿಸುವ ಈ ವಾಹನವು ಬಾಡಿಗೆಯಿಲ್ಲದ ಜಾಹೀರಾತು ಫಲಕವೂ ಹೌದು. ಆದಕಾರಣ ಅದರ ಮೈಮೇಲೆ ಎದ್ದು ಕಾಣುವ ಬಣ್ಣದ ಪಟ್ಟೆಗಳನ್ನು ಹಾಕಿಸುವ ಅಪೇಕ್ಷೆ ಈಗ ಸಣ್ಣ ಉದ್ದಿಮೆದಾರರಲ್ಲಿಯೂ ಕಂಡುಬರುತ್ತಿದೆ. ಕೆಲಸ ಸಣ್ಣದು, ಖರ್ಚೂ ಸಣ್ಣದು ಎಂಬ ಭಾವನೆಯಿಂದ ಇದಕ್ಕೆ ಕೈಹಾಕಿ ನಷ್ಟ ಅನುಭವಿಸಿದವರಲ್ಲಿ ಪ್ರಸ್ತುತ ಲೇಖಕನೂ ಒಬ್ಬನು. ಆ ಅನುಭವದಿಂದ ಕಲಿತ ಪಾಠವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹುಬ್ಬಳ್ಳಿಯಲ್ಲಿ ನನ್ನ ಅಣ್ಣನವರು ಚಟ್ನಿಪುಡಿ ಹಾಗೂ ಉಪ್ಪಿನಕಾಯಿ ತಯಾರಿಸುವ ಸಣ್ಣ ಘಟಕವನ್ನು ನಡೆಸುತ್ತಾರೆ. ಕೆಲವು ವರ್ಷಗಳ ಹಿಂದೆ ಅವರ ಮಗನು ತಮ್ಮ ಬಿಳಿ ವ್ಯಾನಿಗೆ ರೇಸ್ ಕಾರುಗಳಿಗೆ ಇರುವಂತೆ ಬಾನೆಟ್ಟಿನಿಂದ ಹಿಂಬಾಗಿಲಿನವರೆಗೆ ಎರಡು ಕೆಂಪು ಪಟ್ಟೆ ಹಾಕಬೇಕೆಂದು ಹಟ ಹಿಡಿದನು. "ಕಾಕಾ, ಲೆಕ್ಕ ನೀವು ನೋಡ್ರಿ, ಪಟ್ಟೆ ನಾ ಹಚ್ಚತೀನಿ" ಎಂದನು. ಅವನು ತಂದ ಎರಡು ದರಪಟ್ಟಿಗಳಲ್ಲಿ ಹೆಚ್ಚಿನ ದರದ್ದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದವನು ನಾನೇ. ಎರಡನೆಯ ಬೇಸಿಗೆ ಮುಗಿಯುವುದರೊಳಗೆ ಪಟ್ಟೆಗಳು ಅಂಚಿನಲ್ಲಿ ಸುರುಳಿಗಟ್ಟಿ, ಬಿರುಕುಬಿಟ್ಟು, ಧೂಳು ಹಿಡಿದು ಕಪ್ಪಾದವು. ಕೀಳಲು ಹೋದಾಗ ಬಾನೆಟ್ಟಿನ ಬಣ್ಣವೂ ಚಕ್ಕೆಚಕ್ಕೆಯಾಗಿ ಎದ್ದುಬಂದಿತು. ಅದಕ್ಕಿಂತ ನೋವಾದದ್ದು ಹಳೆಯ ಗಿರಾಕಿಯೊಬ್ಬರ ಮಾತು: "ಗಾಡಿ ಹೊರಗ ಹಿಂಗ ಐತಿ, ಒಳಗಿನ ಮಾಲು ಹೆಂಗ ಇರತೈತೋ?" ತಿನ್ನುವ ಪದಾರ್ಥ ಮಾರುವವರಿಗೆ ಇಂತಹ ಮಾತು ಯಾವ ಖಾತೆಯಲ್ಲಿಯೂ ಬರೆಯಲಾಗದ ನಷ್ಟ.

ಪಟ್ಟೆಯ ಹಿನ್ನೆಲೆ

ಮೋಟಾರು ಓಟದ ಆರಂಭದ ಕಾಲದಲ್ಲಿ ಕಾರುಗಳಿಗೆ ದೇಶವಾರು ಬಣ್ಣಗಳಿದ್ದವು. ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಹಸಿರು, ಅಮೆರಿಕಕ್ಕೆ ಬಿಳಿ ಮತ್ತು ನೀಲಿ. 1950ರ ದಶಕದಲ್ಲಿ ಅಮೆರಿಕದ ಬ್ರಿಗ್ಸ್ ಕನಿಂಗ್‌ಹ್ಯಾಮ್ ಎಂಬುವರು ಫ್ರಾನ್ಸಿನ ಲ ಮಾನ್ ಓಟಕ್ಕೆ ಬಿಳಿ ಮೈಯ ಮೇಲೆ ನೀಲಿ ಜೋಡಿಪಟ್ಟೆಯ ಕಾರುಗಳನ್ನು ತಂದರು. 1965ರ ಶೆಲ್ಬಿ ಜಿ.ಟಿ. 350 ಕಾರಿನ ಮೂಲಕ ಈ ಜೋಡಿಪಟ್ಟೆಯು ಸಾಮಾನ್ಯ ಗ್ರಾಹಕರಲ್ಲಿಯೂ ಪ್ರಸಿದ್ಧವಾಯಿತು. ವೇಗವಾಗಿ ಬರುವ ಕಾರು ಯಾರದೆಂದು ದೂರದಿಂದಲೇ ಗುರುತಿಸಲು ಇಂತಹ ಬಣ್ಣಗಳು ನೆರವಾಗುತ್ತಿದ್ದವು. ವರ್ತಕರಿಗೆ ಬೇಕಾಗಿರುವುದೂ ಇದೇ. ಬೀದಿಯ ಆ ತುದಿಯಲ್ಲಿ ವ್ಯಾನು ಕಂಡೊಡನೆ ಅಂಗಡಿಯವನಿಗೆ ಅದು ಯಾರದೆಂದು ತಿಳಿಯಬೇಕು.

ಅಂದು ಬಣ್ಣ ಬಳಿಯುತ್ತಿದ್ದ ಸ್ಥಳದಲ್ಲಿ ಇಂದು ವಿನೈಲ್ ಹಾಳೆ ಬಂದಿದೆ. ಮೂಲತಃ ಗಡುಸಾದ ಪಿ.ವಿ.ಸಿ.ಯನ್ನು ಮೆದುಗೊಳಿಸುವ ವಿಧಾನವನ್ನು 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪೆನಿಯಲ್ಲಿದ್ದ ವಾಲ್ಡೊ ಸೆಮನ್ ಕಂಡುಹಿಡಿದರು. ಹಾಳೆಯನ್ನು ಮೆದುವಾಗಿಡುವ ಈ ಮಿಶ್ರಣದ ಗುಣಮಟ್ಟದ ಮೇಲೆಯೇ ಪಟ್ಟೆಯ ಆಯುಷ್ಯವು ಬಹುಮಟ್ಟಿಗೆ ನಿಂತಿದೆ.

ಹಾಳೆಯಲ್ಲಿ ಎರಡು ಜಾತಿ

ಅಂಗಡಿಯಲ್ಲಿ ಎಲ್ಲ ಹಾಳೆಗಳೂ ಒಂದೇ ಬಗೆಯಾಗಿ ಹೊಳೆಯುತ್ತವೆ. ಆದರೆ ಅವುಗಳ ತಯಾರಿಕೆಯಲ್ಲಿ ಎರಡು ವಿಧಗಳಿವೆ.

ಮೊದಲನೆಯದು ಕ್ಯಾಲೆಂಡರ್ಡ್ ವಿನೈಲ್. ಬಿಸಿಯಾದ ಮುದ್ದೆಯನ್ನು ಉರುಳೆಗಳ ನಡುವೆ ಒತ್ತಿ, ನಮ್ಮ ಮನೆಗಳಲ್ಲಿ ಚಪಾತಿ ಲಟ್ಟಿಸುವಂತೆ, ತೆಳುವಾಗಿ ಮಾಡುತ್ತಾರೆ. ಎಳೆದು ತೆಳುಗೊಳಿಸಿದ ಹಾಳೆಯಲ್ಲಿ ಒಳಸೆಳೆತ ಉಳಿದಿರುತ್ತದೆ. ಬಿಸಿಲಿಗೆ ಕಾದಾಗ ಅದು ಮೊದಲಿನ ಅಳತೆಗೆ ಮರಳಲು ಯತ್ನಿಸಿ ಕುಗ್ಗುತ್ತದೆ. ಇದರ ದಪ್ಪ ಸಾಮಾನ್ಯವಾಗಿ 70ರಿಂದ 100 ಮೈಕ್ರಾನ್. ಇದರಲ್ಲಿಯೂ ಮಾನೊಮೆರಿಕ್ ಎಂಬುದು ಕಡಿಮೆ ಬೆಲೆಯದು, ಅಲ್ಪಾವಧಿಯದು. ಪಾಲಿಮೆರಿಕ್ ಎಂಬುದು ಮಧ್ಯಮ ಬಾಳಿಕೆಯದು.

ಎರಡನೆಯದು ಕಾಸ್ಟ್ ವಿನೈಲ್. ದ್ರವರೂಪದ ಮಿಶ್ರಣವನ್ನು ಸಮತಟ್ಟಾದ ಹಾಳೆಯ ಮೇಲೆ ಹರಡಿ, ದೋಸೆ ಹೊಯ್ದಂತೆ, ಒಲೆಯಲ್ಲಿ ಗಟ್ಟಿಗೊಳಿಸುತ್ತಾರೆ. ಎಳೆತವಿಲ್ಲದ ಕಾರಣ ಕುಗ್ಗುವುದು ಬಹು ಕಡಿಮೆ. ದಪ್ಪ ಸುಮಾರು 50 ಮೈಕ್ರಾನ್ ಇರುವುದರಿಂದ ಉಬ್ಬುತಗ್ಗುಗಳಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ದಪ್ಪವಾದದ್ದೇ ಗಟ್ಟಿ ಎಂಬ ನಮ್ಮ ವ್ಯಾಪಾರಿ ತರ್ಕ ಇಲ್ಲಿ ನಡೆಯುವುದಿಲ್ಲ. ನಾನು ಮೋಸಹೋದದ್ದು ಇಲ್ಲಿಯೇ. ದಪ್ಪ ಹಾಳೆಯೂ ಅಗ್ಗ, ತೆಳು ಹಾಳೆಯೂ ದುಬಾರಿ ಎಂದಾಗ ಮೊದಲನೆಯದನ್ನು ಲಾಭವೆಂದು ಭಾವಿಸಿದೆನು.

ತಯಾರಕರು ಹೇಳುವ ಬಾಳಿಕೆಯ ವರ್ಷಗಳನ್ನು ಓದುವಾಗಲೂ ಎಚ್ಚರ ಬೇಕು. ನೇರವಾಗಿ ನಿಂತ ಮೈಗೆ ಹೇಳಿದ ಅವಧಿಯು ಬಾನೆಟ್ ಮತ್ತು ಛಾವಣಿಗೆ ಅನ್ವಯಿಸದು. ಅಲ್ಲಿ ಬಿಸಿಲು ನೇರವಾಗಿ ಬೀಳುತ್ತದೆ. ರೇಸ್ ಪಟ್ಟೆಯ ಹೆಚ್ಚಿನ ಭಾಗವು ಈ ಎರಡು ಸ್ಥಳಗಳಲ್ಲಿಯೇ ಇರುವುದರಿಂದ ವ್ಯಾನಿನ ಪಟ್ಟೆಗೆ ಕಾಸ್ಟ್ ವಿನೈಲನ್ನೇ ಆರಿಸುವುದು ಯುಕ್ತ. ಛಾವಣಿಯಲ್ಲಿ ಏರುಗೆರೆಗಳಿದ್ದರಂತೂ ಬೇರೆ ಹಾಳೆ ಅಲ್ಲಿ ನಿಲ್ಲುವುದು ಕಷ್ಟ.

ಮೈ ಸಿದ್ಧಪಡಿಸುವುದು

ಅಂಟಿಸುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಇದಕ್ಕೇ ಮೀಸಲಿರಬೇಕು. ಅಂಟು ಹಿಡಿಯುವುದು ಬಣ್ಣಕ್ಕೆ. ಬಣ್ಣದ ಮೇಲೆ ಧೂಳು, ಎಣ್ಣೆ, ಪಾಲಿಶ್ ಇದ್ದರೆ ಅಂಟು ಅವುಗಳನ್ನು ಹಿಡಿಯುತ್ತದೆಯೇ ಹೊರತು ವಾಹನವನ್ನಲ್ಲ.

1. ವಾಹನವನ್ನು ಸಾಬೂನು ನೀರಿನಿಂದ ತೊಳೆದು ಪೂರ್ಣವಾಗಿ ಒಣಗಿಸಬೇಕು. ಸಂದುಗಳಲ್ಲಿ ಮತ್ತು ಹಿಂಬಾಗಿಲಿನ ರಬ್ಬರಿನ ಹಿಂದೆ ನಿಂತ ನೀರು ಮರುದಿನವೂ ಹೊರಬರುತ್ತದೆ. ಆದ್ದರಿಂದ ಹಿಂದಿನ ದಿನವೇ ತೊಳೆಯುವುದು ಲೇಸು.

2. ನಂತರ ಎರಡು ಪಾಲು ಐಸೋಪ್ರೊಪೈಲ್ ಆಲ್ಕೊಹಾಲಿಗೆ ಒಂದು ಪಾಲು ನೀರು ಬೆರೆಸಿ, ನೂಲು ಬಿಡದ ಬಟ್ಟೆಯಿಂದ ಒರೆಸಬೇಕು. ದ್ರವವು ತಾನಾಗಿ ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಎತ್ತಬೇಕು. ಇಲ್ಲವಾದರೆ ಕರಗಿದ ಕೊಳೆ ಮತ್ತೆ ಅಲ್ಲಿಯೇ ಕೂರುತ್ತದೆ. ಆಲ್ಕೊಹಾಲು ಬೇಗ ಹೊತ್ತಿಕೊಳ್ಳುವ ವಸ್ತು. ಬೀಡಿ, ಒಲೆ, ವೆಲ್ಡಿಂಗ್ ಹತ್ತಿರ ಇರಕೂಡದು.

3. ಮೇಣದ ಪಾಲಿಶ್ ಉಳಿದಿದೆಯೇ ಎಂದು ತಿಳಿಯಲು ಶುದ್ಧ ನೀರು ಚಿಮುಕಿಸಿ ನೋಡಬಹುದು. ನೀರು ತೆಳುವಾಗಿ ಹರಡಿದರೆ ಮೈ ಶುದ್ಧವಾಗಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿದರೆ ಮತ್ತೆ ಒರೆಸಬೇಕು.

4. ಮರುಬಣ್ಣ ಬಳಿದ ಭಾಗವಿದ್ದರೆ ವಿಶೇಷ ಎಚ್ಚರ ಅಗತ್ಯ. ಹೊಸ ಬಣ್ಣದಿಂದ ದ್ರಾವಕದ ಆವಿ ಹಲವು ದಿನ ಹೊರಬರುತ್ತಲೇ ಇರುತ್ತದೆ. ಅದರ ಮೇಲೆ ಹಾಳೆ ಅಂಟಿಸಿದರೆ ಗುಳ್ಳೆಗಳೇಳುತ್ತವೆ ಮತ್ತು ಕೀಳುವಾಗ ಬಣ್ಣವೂ ಬರುತ್ತದೆ. ನಮ್ಮ ವ್ಯಾನಿನ ಬಾನೆಟ್ಟಿಗೆ ಹತ್ತು ದಿನ ಮೊದಲಷ್ಟೇ ಮರುಬಣ್ಣವಾಗಿತ್ತು. ಆ ಬಿಲ್ಲು ನನ್ನ ಕಡತದಲ್ಲಿಯೇ ಇತ್ತು, ಆದರೂ ಎರಡನ್ನೂ ಕೂಡಿಸಿ ನೋಡಲಿಲ್ಲ. ಕನಿಷ್ಠ ಒಂದು ತಿಂಗಳು ಕಾಯುವುದು ಕ್ಷೇಮ. ಆಮೇಲೂ ಕಾಣದ ಮೂಲೆಯಲ್ಲಿ ಸಣ್ಣ ತುಂಡೊಂದನ್ನು ಅಂಟಿಸಿ, ಒಂದು ದಿನ ಬಿಟ್ಟು ಕಿತ್ತು ಪರೀಕ್ಷಿಸಬೇಕು.

ಅಳತೆ ಮತ್ತು ಗುರುತು

ಜೋಡಿಪಟ್ಟೆಯಲ್ಲಿ ಅರ್ಧ ಅಂಗುಲದ ಓರೆಯೂ ಕಣ್ಣಿಗೆ ಹೊಡೆಯುತ್ತದೆ. ಬಾನೆಟ್ಟಿನ ಮುಂತುದಿ, ನಡು ಮತ್ತು ಗಾಜಿನ ಬಳಿ ಹೀಗೆ ಮೂರು ಕಡೆ ಎರಡೂ ಅಂಚುಗಳಿಂದ ಅಳೆದು ಮಧ್ಯಬಿಂದುವನ್ನು ಗುರುತಿಸಬೇಕು. ಛಾವಣಿಯಲ್ಲಿ ಮತ್ತು ಹಿಂಬಾಗಿಲಿನಲ್ಲಿ ಸಹ ಹೀಗೆಯೇ. ಬಳಿಕ ಮುಂದಿನಿಂದ ಹಿಂದಕ್ಕೆ ಬಿಗಿಯಾದ ನೂಲು ಎಳೆದು ಬಿಂದುಗಳೆಲ್ಲವೂ ಒಂದೇ ಗೆರೆಯಲ್ಲಿವೆಯೇ ಎಂದು ನೋಡಬೇಕು. ವೈಪರ್, ನೀರು ಚಿಮ್ಮುವ ನಳಿಕೆ ಮುಂತಾದವುಗಳನ್ನು ಆಧಾರವಾಗಿ ಹಿಡಿಯಬಾರದು. ಅವು ಮಧ್ಯದಲ್ಲಿರಲೇಬೇಕೆಂಬ ನಿಯಮವಿಲ್ಲ.

ಗುರುತಾದ ಮೇಲೆ ಮಾಸ್ಕಿಂಗ್ ಟೇಪಿನಿಂದ ಪಟ್ಟೆಗಳ ಅಂಚನ್ನು ಎಳೆದು, ನಡುವೆ ಹಳೆಯ ವೃತ್ತಪತ್ರಿಕೆ ಅಂಟಿಸಿ, ಮೂವತ್ತು ಅಡಿ ದೂರ ನಿಂತು ನೋಡಬೇಕು. ಅಗಲ ಹೆಚ್ಚಾಯಿತೇ, ನಡುವಿನ ಅಂತರ ಕಡಿಮೆಯಾಯಿತೇ ಎಂಬುದು ಆಗಲೇ ತಿಳಿಯುತ್ತದೆ. ರದ್ದಿ ಕಾಗದದಲ್ಲಿ ತಿದ್ದುವ ತಪ್ಪಿಗೆ ಖರ್ಚಿಲ್ಲ.

ಹಾಳೆಯ ಲೆಕ್ಕವೂ ಇಲ್ಲಿಯೇ ಆಗುತ್ತದೆ. 20 ಸೆಂಟಿಮೀಟರ್ ಅಗಲದ ಎರಡು ಪಟ್ಟೆ, ಒಂದೊಂದೂ 4 ಮೀಟರ್ ಎಂದರೆ 1.6 ಚದರ ಮೀಟರ್, ಅಂದರೆ ಸುಮಾರು 17 ಚದರ ಅಡಿ. ಅಂಚಿನ ಮಡಿಕೆಗೂ ಕೈತಪ್ಪಿಗೂ ಸೇರಿಸಿ ನಾಲ್ಕನೆಯ ಒಂದು ಭಾಗ ಹೆಚ್ಚು ತರಬೇಕು. ಒಂದೇ ಸುರುಳಿಯಿಂದ ಕತ್ತರಿಸಿ ತರುವುದು ಉತ್ತಮ. ಬೇರೆ ಬೇರೆ ತಯಾರಿಕೆಯ ಸುರುಳಿಗಳಲ್ಲಿ ಬಣ್ಣದ ಛಾಯೆ ಕೊಂಚ ಬದಲಾಗಬಹುದು.

ಅಂಟಿಸುವ ಕ್ರಮ

ವಾಹನದ ಮೈ ಸುಮಾರು 18ರಿಂದ 28 ಡಿಗ್ರಿ ಸೆಲ್ಸಿಯಸ್ ಇರುವಾಗ ಕೆಲಸ ಸುಗಮ. ಕಾದ ತಗಡಿನ ಮೇಲೆ ಅಂಟು ಮುಟ್ಟಿದೊಡನೆ ಹಿಡಿದು, ಸರಿಪಡಿಸಲು ಅವಕಾಶವೇ ಸಿಗುವುದಿಲ್ಲ. ನಮ್ಮ ಭಾಗದಲ್ಲಿ ಬೇಸಿಗೆಯಾದರೆ ಬೆಳಗಿನ ಒಂಬತ್ತು ಗಂಟೆಯೊಳಗೆ, ಛಾವಣಿಯ ಕೆಳಗೆ, ಗಾಳಿ ನುಗ್ಗದ ಸ್ಥಳದಲ್ಲಿ ಮಾಡಬೇಕು. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳದು.

ನಾಲ್ಕು ಮೀಟರ್ ಉದ್ದದ ಪಟ್ಟೆಯನ್ನು ಒಂದೇ ಬಾರಿಗೆ ಅಂಟಿಸುವ ಸಾಹಸ ಬೇಡ. ಬಾನೆಟ್ಟಿಗೆ ಒಂದು ತುಂಡು, ಛಾವಣಿಗೆ ಒಂದು, ಹಿಂಬಾಗಿಲಿಗೆ ಒಂದು ಎಂದು ವಿಂಗಡಿಸಬೇಕು. ತುಂಡನ್ನು ಗುರುತಿನ ಮೇಲೆ ಇರಿಸಿ, ನಡುವಿನಲ್ಲಿ ಅಡ್ಡಲಾಗಿ ಮಾಸ್ಕಿಂಗ್ ಟೇಪ್ ಹಾಕಿದರೆ ಅದು ಬಾಗಿಲಿನ ತಿರುಗಣಿಯಂತೆ ಹಿಡಿದುಕೊಳ್ಳುತ್ತದೆ. ಒಂದು ಕಡೆಯ ಅರ್ಧವನ್ನು ಮೇಲಕ್ಕೆತ್ತಿ ಹಿಂಬದಿಯ ಕಾಗದವನ್ನು ಟೇಪಿನವರೆಗೆ ಬಿಡಿಸಿ ಕತ್ತರಿಸಬೇಕು. ಒಬ್ಬರು ತುದಿಯನ್ನು ಎಳೆಯದೆ, ಜೋಲು ಬೀಳದಂತೆ ಹಿಡಿದಿರಬೇಕು. ಇನ್ನೊಬ್ಬರು ಮೆದುಬಟ್ಟೆ ಸುತ್ತಿದ ಪ್ಲಾಸ್ಟಿಕ್ ಸ್ಕ್ವೀಜಿಯಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ, ಒಂದರ ಮೇಲೊಂದು ಅರ್ಧ ಬರುವಂತೆ ಸಾಗಬೇಕು. ಆ ಭಾಗ ಮುಗಿದ ಮೇಲೆ ಟೇಪ್ ತೆಗೆದು ಉಳಿದರ್ಧವನ್ನು ಅದೇ ರೀತಿ ಅಂಟಿಸಬೇಕು.

ಗಾಳಿ ಹೊರಹೋಗಲು ಅಂಟಿನಲ್ಲಿಯೇ ಸೂಕ್ಷ್ಮ ಕಾಲುವೆಗಳಿರುವ ಹಾಳೆಗಳನ್ನು ಒಣದಾಗಿಯೇ ಅಂಟಿಸಬೇಕು. ಅಂತಹ ಕಾಲುವೆಗಳಿಲ್ಲದ ಹಾಳೆಗೆ, ತಯಾರಕರ ಸೂಚನೆಯಲ್ಲಿ ಅವಕಾಶವಿದ್ದರೆ, ಒಂದು ಲೀಟರ್ ನೀರಿಗೆ ಕೆಲವೇ ಹನಿ ಮಕ್ಕಳ ಶಾಂಪೂ ಬೆರೆಸಿ ಸಿಂಪಡಿಸಿಕೊಂಡರೆ ಪಟ್ಟೆಯನ್ನು ಸ್ವಲ್ಪ ಜರುಗಿಸಿ ಸರಿಪಡಿಸಬಹುದು. ಹೊಸಬರಿಗೆ ಇದು ಅನುಕೂಲಕರ. ಆದರೆ ನೀರನ್ನು ಪೂರ್ಣವಾಗಿ ಹೊರದೂಡಲೇಬೇಕು.

ಗುಳ್ಳೆ ಉಳಿದರೆ ಹಾಳೆಯನ್ನು ಎತ್ತಿ ಎಳೆಯಬಾರದು. ಸೂಜಿಯಿಂದ ಅಂಚಿನಲ್ಲಿ ಓರೆಯಾಗಿ ಚುಚ್ಚಿ, ಬೆರಳಿನಿಂದ ಗಾಳಿಯನ್ನು ಒತ್ತಿ ತೆಗೆಯಬೇಕು. ಬಾನೆಟ್ಟಿನ ಅಂಚಿನಲ್ಲಿ ಒಂದು ಸೆಂಟಿಮೀಟರ್ ಒಳಕ್ಕೆ ಮಡಿಸಬೇಕು. ಮಡಿಸಲಾಗದ ಕಡೆ ಅಂಚಿನಿಂದ ಮೂರು ಮಿಲಿಮೀಟರ್ ಹಿಂದೆಯೇ ಪಟ್ಟೆ ಮುಗಿಯಲಿ. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಕತ್ತರಿಸಿದರೆ ಬೇಗ ಏಳುವುದಿಲ್ಲ. ಬಣ್ಣದ ಮೇಲಿಟ್ಟು ಬ್ಲೇಡಿನಿಂದ ಎಂದಿಗೂ ಕತ್ತರಿಸಬಾರದು. ಆ ಗೀರಿನಲ್ಲಿ ನೀರಿಳಿದು ತುಕ್ಕು ಹಿಡಿಯುತ್ತದೆ, ಮತ್ತು ಅದು ತಿಳಿಯುವುದು ಪಟ್ಟೆ ತೆಗೆದ ದಿನ.

ಕೊನೆಯಲ್ಲಿ ಅಂಚು ಮತ್ತು ತಗ್ಗುಗಳಿಗೆ ಹೀಟ್ ಗನ್ನಿನಿಂದ ಮಿತವಾಗಿ ಬಿಸಿ ತಾಗಿಸಿ ಮತ್ತೊಮ್ಮೆ ಒತ್ತಬೇಕು. ಒಂದು ದಿನ ವಾಹನವನ್ನು ನೆರಳಿನಲ್ಲಿ ನಿಲ್ಲಿಸಿ, ಎರಡು ಮೂರು ದಿನ ತೊಳೆಯದೆ ಇರಬೇಕು. ಆನಂತರವೂ ಸರ್ವಿಸ್ ಸ್ಟೇಷನ್ನಿನಲ್ಲಿ ನೀರಿನ ರಭಸವನ್ನು ಪಟ್ಟೆಯ ಅಂಚಿಗೆ ಹತ್ತಿರದಿಂದ ಬಿಡದಂತೆ ಹೇಳಬೇಕು.

ಕಾನೂನಿನ ಮಿತಿ

1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದ ಮೇರೆಗೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ನೋಂದಣಿ ಪತ್ರದಲ್ಲಿ ವಾಹನದ ಬಣ್ಣವೂ ನಮೂದಾಗಿರುತ್ತದೆ. ಬಿಳಿ ವ್ಯಾನಿನ ಮೇಲೆ ಎರಡು ಪಟ್ಟೆ ಹಾಕಿದರೆ ವ್ಯಾನು ಬಿಳಿಯಾಗಿಯೇ ಉಳಿಯುತ್ತದೆ. ಮೈತುಂಬಾ ಹಾಳೆ ಹೊದಿಸಿ ಬಣ್ಣವೇ ಬದಲಾದಂತೆ ಮಾಡುವ ಯೋಚನೆಯಿದ್ದರೆ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ನಮೂದು ಮಾಡಿಸತಕ್ಕದ್ದು. ಅನ್ಯ ಸಂಸ್ಥೆಯ ಜಾಹೀರಾತನ್ನು ಹಣ ಪಡೆದು ಅಂಟಿಸುವ ಮುನ್ನವೂ ಅದೇ ಕಚೇರಿಯನ್ನು ಕೇಳತಕ್ಕದ್ದು.

ನೋಂದಣಿ ಸಂಖ್ಯೆಯ ಫಲಕ, ದೀಪಗಳು, ಪ್ರತಿಫಲಿಸುವ ಪಟ್ಟಿಗಳು ಹಾಗೂ ಸರಕು ವಾಹನದ ಮೇಲೆ ಬರೆಸಬೇಕಾದ ವಿವರಗಳು ಎಳ್ಳಷ್ಟೂ ಮುಚ್ಚಬಾರದು. ಗಾಜಿನ ಮೇಲೆ ಪಟ್ಟೆಯನ್ನು ಮುಂದುವರಿಸಬಾರದು. ಗಾಜುಗಳಿಗೆ ಪ್ರತ್ಯೇಕ ನಿಯಮಗಳಿವೆ, ಕಪ್ಪು ಫಿಲ್ಮಿನ ವಿಷಯದಲ್ಲಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಕಟ್ಟುನಿಟ್ಟಿನ ಆದೇಶ ನೀಡಿತ್ತು.

ಪುಸ್ತಕದಲ್ಲಿ ಬರೆಯುವ ಬಗೆ

ಬಳಕೆಯಲ್ಲಿರುವ ವ್ಯಾಪಾರದ ವಾಹನಕ್ಕೆ ಹಾಕಿಸಿದ ಪಟ್ಟೆಯ ಖರ್ಚು ಸಾಮಾನ್ಯವಾಗಿ ಕಂದಾಯ ವೆಚ್ಚ. ಅದನ್ನು ಜಾಹೀರಾತು ಖಾತೆಗೆ ಅಥವಾ ವಾಹನ ನಿರ್ವಹಣೆಯ ಖಾತೆಗೆ ಬರೆಯಬಹುದು. ಹೊಸ ವಾಹನ ಕೊಳ್ಳುವಾಗ ಮಾರಾಟಗಾರರ ಬಿಲ್ಲಿನಲ್ಲಿಯೇ ಇದನ್ನು ಸೇರಿಸಿದರೆ ವಾಹನದ ಬೆಲೆಯಲ್ಲಿ ಬೆರೆತು, ಖರ್ಚು ಸವಕಳಿಯ ರೂಪದಲ್ಲಿ ವರ್ಷಗಟ್ಟಲೆ ಚದುರುವ ಸಂಭವವಿದೆ. ಆದುದರಿಂದ ಪ್ರತ್ಯೇಕ ಬಿಲ್ಲು ಕೇಳುವುದು ಒಳಿತು.

ಜಿ.ಎಸ್.ಟಿ. ನೋಂದಣಿ ಸಂಖ್ಯೆಯುಳ್ಳ ಸರಿಯಾದ ಬಿಲ್ಲು ಇದ್ದರೆ, ಸರಕು ಸಾಗಣೆಯ ವಾಹನಕ್ಕೆ ಸಂಬಂಧಿಸಿದ ಹೂಡುವಳಿ ತೆರಿಗೆಯ ಜಮೆಯನ್ನು ಇತರ ಷರತ್ತುಗಳಿಗೆ ಒಳಪಟ್ಟು ಪಡೆಯಬಹುದು. ಆದರೆ ಚಾಲಕನೂ ಸೇರಿ ಹದಿಮೂರು ಜನರವರೆಗೆ ಕೂರುವ ಪ್ರಯಾಣಿಕ ವಾಹನಗಳ ವಿಷಯದಲ್ಲಿ, ಕೆಲವು ವಿನಾಯಿತಿಗಳನ್ನುಳಿದು, ಈ ಜಮೆಗೆ ನಿರ್ಬಂಧವಿದೆ. ಮಾಲೀಕರ ಮನೆಯ ಕಾರಿಗೆ ಮಗನು ಹಾಕಿಸಿದ ಪಟ್ಟೆಯನ್ನು ಅಂಗಡಿಯ ಲೆಕ್ಕಕ್ಕೆ ತರಬೇಡಿರೆಂದು ಬೇರೆ ಹೇಳಬೇಕಾಗಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಜಮೆಯ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಒಬ್ಬರಿಗೆ ಒಂದೇ ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚು ಸಾಮಾನ್ಯವಾಗಿ ಮಾನ್ಯವಾಗದೆಂಬುದನ್ನೂ ನೆನಪಿಡಬೇಕು.

ವರ್ಷದ ಲೆಕ್ಕವೇ ನಿಜವಾದ ಲೆಕ್ಕ

ಈಗ ದರಪಟ್ಟಿಗಳಿಗೆ ಮರಳೋಣ. ಕೆಳಗಿನ ಅಂಕಿಗಳು ತಿಳಿವಳಿಕೆಗಾಗಿ ಹಿಡಿದವು. ತಮ್ಮ ಊರಿನ ದರಗಳನ್ನು ಹಾಕಿ ಓದುಗರು ಲೆಕ್ಕಿಸಿಕೊಳ್ಳಬಹುದು.

ಅಗ್ಗದ ಹಾಳೆ: ಸಾಮಗ್ರಿ 1,200 ರೂ. ಒಂದೂವರೆ ವರ್ಷಕ್ಕೆ ಕೀಳುವ ಕೂಲಿ ಮತ್ತು ಅಂಟು ತೆಗೆಯುವ ದ್ರಾವಕ 2,500 ರೂ. ಒಟ್ಟು 3,700 ರೂ. ವರ್ಷಕ್ಕೆ ಸುಮಾರು 2,467 ರೂ.

ಉತ್ತಮ ಹಾಳೆ: ಸಾಮಗ್ರಿ 4,000 ರೂ., ಅನುಭವಿ ಕೆಲಸಗಾರನ ಕೂಲಿ 2,000 ರೂ., ಕೊನೆಗೆ ಕೀಳುವ ಖರ್ಚು 1,000 ರೂ. ಒಟ್ಟು 7,000 ರೂ. ಮುಂಜಾಗ್ರತೆಯಿಂದ ನಾಲ್ಕೇ ವರ್ಷದ ಬಾಳಿಕೆ ಹಿಡಿದರೂ ವರ್ಷಕ್ಕೆ 1,750 ರೂ.

ಅಗ್ಗದ ಹಾಳೆಯೊಂದಿಗೆ ಬಣ್ಣವೂ ಎದ್ದು ಬಾನೆಟ್ಟಿಗೆ 4,500 ರೂ. ತೆರಬೇಕಾಗಿ ಬಂದರೆ ಒಟ್ಟು 8,200 ರೂ., ವರ್ಷಕ್ಕೆ ಸುಮಾರು 5,467 ರೂ. ವ್ಯಾನು ನಿಂತ ದಿನಗಳ ಮಾರಾಟ ಇದರಲ್ಲಿ ಸೇರಿಲ್ಲ. ದರಪಟ್ಟಿಯಲ್ಲಿ ಕಾಣುವುದು ಅಂಟಿಸುವ ಖರ್ಚು ಮಾತ್ರ. ಕೀಳುವ ಖರ್ಚನ್ನು ಯಾವ ಮಾರಾಟಗಾರನೂ ಬರೆದುಕೊಡುವುದಿಲ್ಲ, ಅದನ್ನು ಕೊಳ್ಳುವವನೇ ಬರೆದುಕೊಳ್ಳಬೇಕು.

ಎರಡನೆಯ ಬಾರಿ ನಾವು ಬಾನೆಟ್ಟಿಗೆ ಬಣ್ಣ ಬಳಿಸಿ ಆರು ವಾರ ಕಾದೆವು. ಸ್ಟಿಕರ್ ಅಂಗಡಿಯ ಹಿರಿಯ ಕೆಲಸಗಾರರೊಬ್ಬರನ್ನು ಒಂದು ಬೆಳಗಿನ ಮಟ್ಟಿಗೆ ಕರೆಸಿಕೊಂಡು, ಅವರು ಹೇಳಿದಂತೆ ಅಣ್ಣನ ಮಗನೇ ಅಂಟಿಸಿದನು. ನಾನು ತುದಿ ಹಿಡಿದು ನಿಂತಿದ್ದೆನು. ಮೂರು ಬೇಸಿಗೆಗಳು ಕಳೆದರೂ ಪಟ್ಟೆಗಳು ಕುಗ್ಗಿಲ್ಲ. ಛಾವಣಿಯ ಮೇಲಿನ ಕೆಂಪು ಕೊಂಚ ಮಾಸಿದೆ, ಅಷ್ಟೇ. ಪೇಟೆಯ ಅಂಗಡಿಗಳಲ್ಲಿ ಈಗ ಘಟಕದ ಹೆಸರು ಹೇಳದೆ "ಪಟ್ಟೆ ವ್ಯಾನ್ ಬಂತು" ಎನ್ನುವವರಿದ್ದಾರೆ.

ಸದಸ್ಯ ಬಂಧುಗಳು ತಮ್ಮ ವಾಹನಕ್ಕೆ ಮೊದಲ ಬಾರಿ ಪಟ್ಟೆ ಹಾಕಿಸುವಾಗ ಮಾರಾಟಗಾರರನ್ನು ಮೂರು ಪ್ರಶ್ನೆ ಕೇಳಲಿ: ಹಾಳೆ ಕಾಸ್ಟ್ ಜಾತಿಯದೇ, ಬಾನೆಟ್ಟಿನ ಮೇಲೆ ಎಷ್ಟು ವರ್ಷ ಬಾಳುತ್ತದೆ, ಕೀಳಲು ಎಷ್ಟು ತಗಲುತ್ತದೆ. ತಮ್ಮನ್ನು ತಾವೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ವಾಹನಕ್ಕೆ ಕೊನೆಯದಾಗಿ ಬಣ್ಣ ಬಳಿಸಿದ್ದು ಯಾವಾಗ? ನಾಲ್ಕಕ್ಕೂ ಉತ್ತರ ದೊರೆತ ಮೇಲೆ ಕಡಿಮೆ ದರದ ಪಟ್ಟಿಗೆ ಸಹಿ ಹಾಕಿದರೂ ಚಿಂತೆಯಿಲ್ಲ.